ಭಂಗಾರದ ಫ್ರಿಜ್, ಬಂಗಾರದ ಸೋಡಾ

ಹಳೆ ಫ್ರಿಜ್‌ಗೆ ನಳ ಕೂಡಿಸಿ ಬ್ಯಾಸಿಗೆ ಧಂದೆ ಮಾಡುವವರು ತಿಳಿದಿರಬೇಕಾದ ಮಾತು

ಅಕ್ಕಲಕೋಟ: ಮರಾಠಿಯಲ್ಲಿ ‘ಭಂಗಾರ’ ಅಂದರೆ ಗುಜರಿ. ಕನ್ನಡದಲ್ಲಿ ‘ಬಂಗಾರ’ ಅಂದರೆ ಚಿನ್ನ. ನಡುವೆ ಇರುವುದು ಒಂದು ಉಸಿರಿನ ಅಂತರ ಅಷ್ಟೆ. ಎರಡೂ ಭಾಷೆ ಆಡುವ ಗಡಿಭಾಗದ ಮನೆಗಳಲ್ಲಿ ಇದೊಂದು ಹಳೆಯ ನಗೆಮಾತು. ಆದರೆ ಅಂಗಳದ ಮೂಲೆಯಲ್ಲಿ ಬಿದ್ದ ಹಳೆ ಫ್ರಿಜ್‌ನ ವಿಷಯಕ್ಕೆ ಬಂದರೆ ಇದು ನಗೆಮಾತಲ್ಲ. ಭಂಗಾರದವನು ಕೈಗಾಡಿ ತಂದು ತೂಕದ ಲೆಕ್ಕದಲ್ಲಿ ಒಯ್ಯುವ ಆ ಡಬ್ಬಿ, ತಿಳಿದವರ ಕೈಗೆ ಬಿದ್ದರೆ ಒಂದು ಸಂಸಾರದ ಬ್ಯಾಸಿಗೆ ದುಡಿಮೆಯಾದೀತು. ತಿಳಿಯದವರ ಕೈಗೆ ಬಿದ್ದರೆ ಅದೇ ಡಬ್ಬಿ ಜೀವಕ್ಕೂ ಕುತ್ತು ತಂದೀತು.

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಬಿಸಿಲು ಯಾರಿಗೂ ಹೇಳಿಕೊಡಬೇಕಾದದ್ದಲ್ಲ. ಏಪ್ರಿಲ್, ಮೇ ಬಂತೆಂದರೆ ಪಾರಾ 40 ಡಿಗ್ರಿ ದಾಟುತ್ತದೆ. ಅಕ್ಕಲಕೋಟದ ಸ್ವಾಮಿ ಸಮರ್ಥರ ಪ್ರಕಟ ದಿನ ಮತ್ತು ಪುಣ್ಯತಿಥಿ ಎರಡೂ ಚೈತ್ರ ಮಾಸದಲ್ಲೇ ಬರುತ್ತವೆ. ಬಿಸಿಲೂ ಜಾಸ್ತಿ, ಭಕ್ತರೂ ಜಾಸ್ತಿ. ಬಸ್ ಇಳಿದವರು ಅಂಗಡಿ ಮುಂದೆ ನಿಂತು ಕೇಳುವುದು ಒಂದೇ ಮಾತು: ‘ಥಂಡ ಅದ ಏನ್ರೀ?’

ಈ ಒಂದು ಪ್ರಶ್ನೆಯಲ್ಲೇ ಸೋಡಾದ ಇಡೀ ಶಾಸ್ತ್ರ ಅಡಗಿದೆ. ಸೋಡಾಕ್ಕೆ ಜೀವ ಬರುವುದು ಗ್ಯಾಸಿನಿಂದ ಎಂದು ಬಹಳ ಮಂದಿ ತಿಳಿದಿದ್ದಾರೆ. ಗ್ಯಾಸ್ ಬೇಕು, ಸುಳ್ಳಲ್ಲ. ಆದರೆ ಆ ಗ್ಯಾಸನ್ನು ನೀರಿನಲ್ಲಿ ಹಿಡಿದಿಡುವುದು ಥಂಡಿ. ಹಳೆ ಫ್ರಿಜ್‌ನ ಬೆಲೆ ಇರುವುದು ಅಲ್ಲೇ.

ಬಿಯರ್‌ನಿಂದ ಹುಟ್ಟಿದ ಸೋಡಾ

ಹಳೆ ಫ್ರಿಜ್‌ನೊಳಗೆ ಸ್ಟೀಲಿನ ಪೀಪಾಯಿ ಇಟ್ಟು, ಗ್ಯಾಸ್ ಸಿಲಿಂಡರ್ ಜೋಡಿಸಿ, ಬಾಗಿಲಿಗೆ ನಳ ಕೂಡಿಸುವ ಕಲೆ ಅಮೆರಿಕದಲ್ಲಿ ಮನೆಮನೆಯ ಹವ್ಯಾಸ. ಅಲ್ಲಿ ಇದಕ್ಕೆ ‘ಕೆಗರೇಟರ್’ ಎನ್ನುತ್ತಾರೆ. ಮನೆಯಲ್ಲೇ ಕಾಸಿದ ಬಿಯರ್ ಅನ್ನು ಬಾಟಲಿಗೆ ತುಂಬುವ ರಗಳೆ ಇಲ್ಲದೆ ನಳದಿಂದ ಹಿಡಿದು ಕುಡಿಯಲು ಮಾಡಿಕೊಂಡ ಉಪಾಯ ಇದು. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳುವುದಕ್ಕೆ ಅಲ್ಲಿ ಕೇಂದ್ರದ ತೆರಿಗೆಯಿಂದ ವಿನಾಯಿತಿ ಸಿಕ್ಕಿತು. ಒಬ್ಬ ವಯಸ್ಕನಿದ್ದ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ಎಂಬ ಮಿತಿಯೂ ಬಂತು. ಅಲಬಾಮಾ, ಮಿಸಿಸಿಪಿ ರಾಜ್ಯಗಳು ಒಪ್ಪಿಗೆ ಕೊಟ್ಟದ್ದು 2013ರಲ್ಲಿ.

ನಮ್ಮ ಕಡೆ ಆ ಮಾತೇ ಇಲ್ಲ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ, ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಜಾರಿಯಲ್ಲಿವೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಕಾಸುವುದು ಗಡಿಯ ಆಚೆಗೂ ಅಪರಾಧ, ಈಚೆಗೂ ಅಪರಾಧ. ‘ಸ್ವಂತಕ್ಕ ಮಾಡ್ಕೊಂಡೀವ್ರಿ’ ಎಂದರೆ ಬಿಡುಗಡೆ ಇಲ್ಲ.

ಹಾಗಿದ್ದರೆ ಈ ಫ್ರಿಜ್‌ನ ಉಪಾಯ ನಮಗೆ ಏಕೆ? ಅದಕ್ಕೆ ಉತ್ತರ ಆ ಪೀಪಾಯಿಯಲ್ಲೇ ಇದೆ. ಅಮೆರಿಕದ ಹವ್ಯಾಸಿಗಳು ಬಳಸುವ 19 ಲೀಟರ್‌ನ ಉದ್ದನೆ ಸ್ಟೀಲ್ ಡಬ್ಬಿ ಮೊದಲು ಬಿಯರ್‌ಗಾಗಿ ಹುಟ್ಟಿದ್ದೇ ಅಲ್ಲ. ಕಾರ್ನೇಲಿಯಸ್ ಎಂಬ ಕಂಪನಿಯ ಹೆಸರಿನಿಂದ ‘ಕಾರ್ನಿ ಕೆಗ್’ ಎನಿಸಿಕೊಂಡ ಅದು ತಂಪು ಪಾನೀಯದ ಅಂಗಡಿಗಳಿಗಾಗಿ ಬಂದದ್ದು. ಮುಂದೆ ಕೋಲಾ ಕಂಪನಿಗಳು ಪಾಕವನ್ನು ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸತೊಡಗಿದವು. ಬೇಡವಾದ ಡಬ್ಬಿಗಳು ಸೋವಿಯಲ್ಲಿ ಮಾರಾಟಕ್ಕೆ ಬಂದವು. ಬಿಯರ್ ಹವ್ಯಾಸಿಗಳು ಅವನ್ನೇ ಕೊಂಡುಕೊಂಡರು.

ಇತಿಹಾಸದಲ್ಲಿ ಇನ್ನೂ ಹಿಂದೆ ಹೋದರೆ ಸಂಬಂಧ ತಿರುಗುಮುರುಗು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಂಡಿತ, ಪಕ್ಕದ ಬಿಯರ್ ಭಟ್ಟಿಯ ತೊಟ್ಟಿಯ ಮೇಲೆ ನಿಲ್ಲುತ್ತಿದ್ದ ಗಾಳಿಯನ್ನು ನೀರಿಗೆ ಬೆರೆಸಿ ನೋಡಿದ. ನೀರು ಚುರುಗುಟ್ಟಿತು. ಮನುಷ್ಯ ಮಾಡಿದ ಸೋಡಾದ ಕಥೆ ಶುರುವಾದದ್ದು ಹೀಗೆ. ನಮ್ಮ ಗೋಲಿ ಸೋಡಾದ ಬಾಟಲಿಗೂ ಇಂಗ್ಲೆಂಡೇ ತವರು. ಹೈರಂ ಕಾಡ್ ಎಂಬುವನು 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಬಿಯರ್‌ನಿಂದ ಬಂದ ವಿದ್ಯೆಯನ್ನು ಸೋಡಾಕ್ಕೆ ಮರಳಿಸಿದರೆ ಕಾಯ್ದೆಯ ತಕರಾರೂ ಇಲ್ಲ, ಮನೆಯವರ ತಕರಾರೂ ಇಲ್ಲ!

ಥಂಡಿ ಇದ್ದರ ಅರ್ಧ ಕೆಲಸ ಆತು

ಸೋಡಾದಲ್ಲಿ ಕರಗುವುದು ಕಾರ್ಬನ್ ಡೈಆಕ್ಸೈಡ್. ಇದರ ಸ್ವಭಾವ ಉಪ್ಪು, ಸಕ್ಕರೆಗೆ ತದ್ವಿರುದ್ಧ. ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗಿದರೆ, ಈ ಗ್ಯಾಸ್ ತಣ್ಣೀರಿನಲ್ಲಿ ಹೆಚ್ಚು ಕರಗುತ್ತದೆ. ಸಾಮಾನ್ಯ ವಾಯು ಒತ್ತಡದಲ್ಲಿ 0 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಗ್ಯಾಸ್ ಹಿಡಿಯುತ್ತದೆ. 20 ಡಿಗ್ರಿಯಲ್ಲಿ ಅದು 0.9 ಲೀಟರ್‌ನ ಆಸುಪಾಸು. 40 ಡಿಗ್ರಿಯಲ್ಲಿ ಅರ್ಧ ಲೀಟರ್‌ಗಿಂತ ಚೂರು ಮೇಲೆ.

ನಾಲಿಗೆಗೆ ಚುರುಕು ಮುಟ್ಟಿಸುವ ಸೋಡಾ ಆಗಬೇಕಾದರೆ ಲೀಟರ್ ನೀರಿಗೆ ಸುಮಾರು 4 ಲೀಟರ್ ಗ್ಯಾಸ್ ಕರಗಬೇಕು. ಫ್ರಿಜ್‌ನಲ್ಲಿ 4 ಡಿಗ್ರಿಗೆ ಇಳಿಸಿದ ನೀರಿಗೆ ಇದಕ್ಕೆ 25 ಪಿಎಸ್‌ಐ ಒತ್ತಡ ಸಾಕು. ಹೆಚ್ಚು ಕಡಿಮೆ ಕಾರಿನ ಟಾಯರ್‌ಗಿಂತ ಕಡಿಮೆ. ಅದೇ ಮಾಳಿಗೆ ಮೇಲಿನ ಟಾಕಿಯ 35 ಡಿಗ್ರಿ ನೀರಿಗೆ ಸುಮಾರು 85 ಪಿಎಸ್‌ಐ ಬೇಕು.

ಈ ಅಂಕಿ ಬರೀ ಪುಸ್ತಕದ ಲೆಕ್ಕವಲ್ಲ. 20 ಸೆಂಟಿಮೀಟರ್ ಅಗಲದ ಒಂದು ಮುಚ್ಚಳ ತೆಗೆದುಕೊಳ್ಳಿ. 25 ಪಿಎಸ್‌ಐ ಒತ್ತಡದಲ್ಲಿ ಅದನ್ನು ಒಳಗಿನ ಗ್ಯಾಸ್ ಮೇಲಕ್ಕೆ ದೂಡುವ ಬಲ ಸುಮಾರು 550 ಕಿಲೊ. ಅಂದರೆ ಐದೂವರೆ ಕ್ವಿಂಟಲ್ ಜೋಳದ ಭಾರ. 85 ಪಿಎಸ್‌ಐಗೆ ಏರಿಸಿದರೆ ಅದೇ ಮುಚ್ಚಳದ ಮೇಲೆ 18 ಕ್ವಿಂಟಲ್ ದಾಟುತ್ತದೆ! ಬಿಸಿ ನೀರಿಗೆ ಗ್ಯಾಸ್ ತುರುಕುವವನು ಅಂಗಡಿಯಲ್ಲಿ ಏನನ್ನು ಇಟ್ಟುಕೊಂಡು ಕೂತಿದ್ದಾನೆ ಎಂಬುದು ಇದರಿಂದ ತಿಳಿಯುತ್ತದೆ. ಥಂಡಿ ಇದ್ದರೆ ರುಚಿಯೂ ಹೆಚ್ಚು, ಗ್ಯಾಸೂ ಉಳಿತಾಯ, ಅಪಾಯವೂ ಕಡಿಮೆ.

ಹಾಲಿನ ಕ್ಯಾನ್, ನೀರಿನ ಜಾರ್, ಊರ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆದ ಡಬ್ಬಿ, ಹಳೆ ಎಲ್‌ಪಿಜಿ ಸಿಲಿಂಡರ್ ಇವುಗಳಲ್ಲಿ ಸೋಡಾ ಮಾಡಬಾರದು ಎನ್ನುವುದು ಇದಕ್ಕೇ. ಒತ್ತಡ ತಡೆಯಲೆಂದೇ ತಯಾರಾದ, ಮೈಮೇಲೆ ಗರಿಷ್ಠ ಒತ್ತಡ ಬರೆದಿರುವ, ಒತ್ತಡ ಮಿತಿ ಮೀರಿದರೆ ತಾನೇ ಬಿಡುಗಡೆ ಮಾಡುವ ವಾಲ್ವ್ ಇರುವ ಸ್ಟೀಲ್ ಕೆಗ್ ಮಾತ್ರ ಈ ಕೆಲಸಕ್ಕೆ ಸಲ್ಲುತ್ತದೆ.

ಯಾವ ಫ್ರಿಜ್ ಆದೀತು?

ಎಲ್ಲ ಹಳೆ ಫ್ರಿಜ್‌ಗಳೂ ಈ ಕೆಲಸಕ್ಕೆ ಬರುವುದಿಲ್ಲ. ನಮ್ಮ ಕಡೆ ಹೆಚ್ಚು ಇರುವುದು 165 ಲೀಟರ್ ಆಸುಪಾಸಿನ ಒಂದು ಬಾಗಿಲಿನದು. ಇದರ ಮೇಲ್ಭಾಗದಲ್ಲಿ ಬರ್ಫದ ಖಾನೆ, ಕೆಳಗೆ ಹಿಂಬದಿ ಕಂಪ್ರೆಸರ್‌ಗಾಗಿ ಬಿಟ್ಟ ಉಬ್ಬು. 19 ಲೀಟರ್ ಕೆಗ್‌ನ ಎತ್ತರ ಸುಮಾರು 63 ಸೆಂಟಿಮೀಟರ್, ಅಗಲ 22 ಸೆಂಟಿಮೀಟರ್. ಕೆಗ್ ಕೊಳ್ಳುವ ಮೊದಲೇ ಅಷ್ಟೇ ಅಳತೆಯ ರಟ್ಟಿನ ಅಚ್ಚು ಮಾಡಿ ಒಳಗಿಟ್ಟು ಬಾಗಿಲು ಮುಚ್ಚಿ ನೋಡಬೇಕು. ಕೂಡದಿದ್ದರೆ ಇದರ ಅರ್ಧ ಅಳತೆಯ ಕೆಗ್‌ಗಳೂ ಇವೆ.

ಮುಂದಿನದು ಫ್ರಿಜ್‌ನ ಆರೋಗ್ಯ. ಬಾಗಿಲಿನ ರಬ್ಬರ್ ಸಂದಿಯಲ್ಲಿ ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಹೋಗಿದೆ ಎಂದರ್ಥ. ಅದನ್ನು ಬದಲಿಸುವುದು ಸಣ್ಣ ಕೆಲಸ. ಆಮೇಲೆ ಒಂದು ಗ್ಲಾಸ್ ನೀರು ಇಟ್ಟು ಮರುದಿನ ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡಬೇಕು. 4-5 ಡಿಗ್ರಿ ತೋರಿಸಿದರೆ ಫ್ರಿಜ್ ಇನ್ನೂ ಗಟ್ಟಿ ಇದೆ.

ಕಂಪ್ರೆಸರ್ ಓಡುತ್ತದೆ, ಥಂಡಿ ಬರುವುದಿಲ್ಲ ಎಂದರೆ ಮಿಸ್ತ್ರಿಗಳ ಬಾಯಲ್ಲಿ ಬರುವ ಮೊದಲ ಮಾತು ‘ಗ್ಯಾಸ್ ಹೋಗೇತ್ರಿ’. ಇದಕ್ಕೆ ಕಾರಣ ಬಹಳ ಸಲ ಮನೆಯ ಚಾಕು! ಬರ್ಫದ ಖಾನೆಯ ತೆಳು ಅಲ್ಯುಮಿನಿಯಂ ತಗಡಿನೊಳಗೇ ಗ್ಯಾಸ್ ಹರಿಯುವ ದಾರಿ ಇರುತ್ತದೆ. ಗಟ್ಟಿಯಾದ ಬರ್ಫವನ್ನು ಚಾಕುವಿನಿಂದ ಕೆತ್ತಿದರೆ ತಗಡು ತೂತಾಗಿ ಗ್ಯಾಸೆಲ್ಲ ಖಾಲಿ. ಅಂಥ ಫ್ರಿಜ್‌ಗೆ ತೂತು ಮುಚ್ಚದೆ ಬರೀ ಗ್ಯಾಸ್ ತುಂಬಿಸಿದರೆ ರೊಕ್ಕ ಗಾಳಿಗೆ ಹೋದಂತೆ.

ಫ್ರಿಜ್‌ನೊಳಗಿನ ಗ್ಯಾಸ್ ಯಾವುದು ಎಂಬುದನ್ನೂ ನೋಡಬೇಕು. ಕಂಪ್ರೆಸರ್ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಬಹಳ ಹಳೆಯದರಲ್ಲಿ ಆರ್-12 ಇರುತ್ತಿತ್ತು. ಓಜೋನ್ ಪದರಕ್ಕೆ ಹಾನಿ ಮಾಡುವ ಈ ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಭಾರತವೂ ಸೇರಿ ಅಭಿವೃದ್ಧಿಶೀಲ ದೇಶಗಳು 2010ರ ಹೊತ್ತಿಗೆ ಕೈಬಿಟ್ಟವು. ಆಮೇಲಿನವುಗಳಲ್ಲಿ ಆರ್-134ಎ, ಈಚಿನವುಗಳಲ್ಲಿ ಆರ್-600ಎ. ಈ ಕೊನೆಯದು ಐಸೋಬ್ಯೂಟೇನ್, ಅಡುಗೆ ಗ್ಯಾಸಿನ ಬಂಧು. ಪರಿಸರಕ್ಕೆ ಒಳ್ಳೆಯದು, ಆದರೆ ಬೆಂಕಿ ಹಿಡಿಯುತ್ತದೆ. ಇಂಥ ಫ್ರಿಜ್‌ನ ನಳಿಗೆ ಹತ್ತಿರ ಬೆಸುಗೆಯ ಬೆಂಕಿ ಹಿಡಿಯುವ ಕೆಲಸ ಕಲಿತ ಮಿಸ್ತ್ರಿಗೇ ಬಿಡಬೇಕು.

ತೂತು ಎಲ್ಲಿ ಹೊಡೆಯಬೇಕು?

ಫ್ರಿಜ್ ಕೆಡುವುದು ಹೆಚ್ಚಾಗಿ ಡ್ರಿಲ್ ಹಿಡಿದ ಮೊದಲ ನಿಮಿಷದಲ್ಲೇ. ಹಳೆಯ ಫ್ರಿಜ್‌ಗಳಲ್ಲಿ ಬಿಸಿ ಹೊರಹಾಕುವ ಕರಿ ಜಾಳಿಗೆ ಹಿಂಬದಿಗೆ ಕಣ್ಣಿಗೆ ಕಾಣುವಂತೆ ಇರುತ್ತಿತ್ತು. ಹೊಸ ಮಾದರಿಗಳಲ್ಲಿ ಆ ನಳಿಗೆಗಳು ಎಡಬಲದ ತಗಡಿನ ಒಳಗೇ ಅಡಗಿರುತ್ತವೆ. ಫ್ರಿಜ್ ಓಡುವಾಗ ಪಕ್ಕಕ್ಕೆ ಕೈ ಇಟ್ಟರೆ ಬೆಚ್ಚಗಾಗುವುದು ಇದರಿಂದಲೇ. ಅಲ್ಲಿ ಡ್ರಿಲ್ ಇಟ್ಟರೆ ಫ್ರಿಜ್ ಮತ್ತೆ ಭಂಗಾರವೇ ಸರಿ.

ನಳಕ್ಕೆ ಬಾಗಿಲೇ ಸುರಕ್ಷಿತ ಜಾಗ. ಒಂದು ಬಾಗಿಲಿನ ಸಾದಾ ಫ್ರಿಜ್‌ನ ಬಾಗಿಲಲ್ಲಿ ಗ್ಯಾಸಿನ ನಳಿಗೆ ಇರುವುದಿಲ್ಲ. ತಗಡು, ನಡುವೆ ಫೋಮ್, ಒಳಗೆ ಪ್ಲಾಸ್ಟಿಕ್ ಅಷ್ಟೆ. ಪ್ಲಗ್ ಕಿತ್ತಿಟ್ಟು, ಒಳಬದಿಯ ಕಪಾಟು ತೆಗೆದು, ನಳದ ಕೊಳವೆಯ ಅಳತೆಗೆ ತಕ್ಕ ತೂತು ಹೊಡೆಯಬೇಕು. ಸಿಲಿಂಡರ್ ಹೊರಗಿಡುವುದಾದರೆ ಗ್ಯಾಸಿನ ಪೈಪಿಗೆ ಇನ್ನೊಂದು ತೂತು ಪಕ್ಕದಲ್ಲಿ ಬೇಕಾಗುತ್ತದೆ. ಆಗ ಕಾರ್ನ್‌ಫ್ಲೋರ್ ಅನ್ನು ನೀರಿನಲ್ಲಿ ತೆಳ್ಳಗೆ ಕಲಸಿ ತಗಡಿಗೆ ಹಚ್ಚಿ ಫ್ರಿಜ್ ಚಾಲು ಮಾಡಬೇಕು. ಒಳಗೆ ಬಿಸಿ ನಳಿಗೆ ಇರುವಲ್ಲಿ ಹಿಟ್ಟು ಮೊದಲು ಒಣಗಿ ಬಿಳಿ ಗೆರೆ ಮೂಡುತ್ತದೆ. ಹೆಣ್ಣುಮಕ್ಕಳ ರಂಗೋಲಿಯಂತೆ ಗೆರೆ ಕಂಡ ಕಡೆ ಬಿಟ್ಟು ಬೇರೆ ಕಡೆ ತೂತು.

ತುಂಬಿದ 19 ಲೀಟರ್ ಕೆಗ್ 20 ಕಿಲೊಗೂ ಮಿಕ್ಕಿ ತೂಗುತ್ತದೆ. ಗಾಜಿನ ಕಪಾಟು ಇದನ್ನು ತಡೆಯುವುದಿಲ್ಲ. ಕಪಾಟುಗಳನ್ನೆಲ್ಲ ತೆಗೆದು ತಳಕ್ಕೆ ದಪ್ಪ ಪ್ಲೈವುಡ್ ಹಾಸಬೇಕು. ಸಣ್ಣ ಫ್ರಿಜ್‌ಗೆ ಇಷ್ಟು ನೀರನ್ನು 35ರಿಂದ 4 ಡಿಗ್ರಿಗೆ ಇಳಿಸಲು ಬಹಳ ತಾಸು ಬೇಕು. ಒಮ್ಮೆ ತಣ್ಣಗಾಯಿತೆಂದರೆ ಅಷ್ಟು ನೀರೇ ಥಂಡಿಯ ಗಂಟು. ನಡುವೆ ಒಂದೆರಡು ತಾಸು ಕರೆಂಟ್ ಹೋದರೂ ಬಾಗಿಲು ತೆರೆಯದಿದ್ದರೆ ಧಂದೆ ನಿಲ್ಲುವುದಿಲ್ಲ.

ಗ್ಯಾಸ್ ಕರಗಿಸಲು ಎರಡು ದಾರಿ. 25 ಪಿಎಸ್‌ಐಗೆ ರೆಗ್ಯುಲೇಟರ್ ಇಟ್ಟು ಕೆಲವು ದಿನ ಬಿಡುವುದು ಒಂದು. ತಣ್ಣಗಾದ ಕೆಗ್ ಅನ್ನು ಗ್ಯಾಸ್ ಜೋಡಿಸಿಯೇ ಕೆಲ ನಿಮಿಷ ಅಲ್ಲಾಡಿಸುವುದು ಇನ್ನೊಂದು. ಹಿಂದಿನ ಸೋಡಾ ಅಂಗಡಿಗಳಲ್ಲಿ ಬಾಟಲಿ ಇಟ್ಟು ಕೈಯಿಂದ ಗರಗರ ತಿರುಗಿಸುತ್ತಿದ್ದ ಯಂತ್ರ ಮಾಡುತ್ತಿದ್ದದ್ದೂ ಇದೇ ಕೆಲಸ.

ಮೊದಲ ಗ್ಲಾಸಿನಲ್ಲಿ ಬರೀ ನೊರೆ ಬಂದರೆ ಗಾಬರಿ ಬೇಡ. ಹೊರಗಿನ ನಳ ಬಿಸಿಯಾಗಿರುತ್ತದೆ. ಬಿಸಿ ತಾಕಿದ ಕೂಡಲೇ ಗ್ಯಾಸ್ ಬಿಟ್ಟೋಡುತ್ತದೆ. ಕೆಗ್‌ನಿಂದ ನಳಕ್ಕೆ ಬರುವ ಸಣ್ಣ ಪೈಪನ್ನು ಮೂರು ಮೀಟರ್‌ಗಿಂತ ಉದ್ದ ಇಟ್ಟು ಫ್ರಿಜ್ ಒಳಗೇ ಸುರುಳಿ ಸುತ್ತಿದರೆ ರಭಸ ತಗ್ಗಿ ಸೋಡಾ ಶಾಂತವಾಗಿ ಇಳಿಯುತ್ತದೆ.

ಅಜ್ಜಿ ಹೇಳಿದ ತಾಮ್ರದ ಮಾತು

ತಾಮ್ರದ ತಂಬಿಗೆಯಲ್ಲಿ ಮಜ್ಜಿಗೆ ಇಡಬ್ಯಾಡ, ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಬ್ಯಾಡ ಎಂದು ಹಿರಿಯರು ಹೇಳುತ್ತಿದ್ದರು. ಸೋಡಾಕ್ಕೂ ಇದೇ ನಿಯಮ. ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಹುಳಿಯಾಗುತ್ತದೆ. ಆ ಹುಳಿ ತಾಮ್ರವನ್ನು ತಿಂದು ನೀರಿಗೆ ಬಿಡುತ್ತದೆ. ಕುಡಿದವರಿಗೆ ಹೊಟ್ಟೆ ತೊಳಸು, ವಾಂತಿ, ಹೊಟ್ಟೆನೋವು.

ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೈಗೆ ಮೊದಲು ಸಿಗುವುದೇ ತಾಮ್ರದ ನಳಿಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸೋವಿಗೆ ಸಿಗುವುದು ಹಿತ್ತಾಳೆ ನಳ. ಎರಡೂ ಸೋಡಾ ಹರಿಯುವ ದಾರಿಗೆ ಬೇಡ. ಕೆಗ್, ಕೊಳವೆ, ನಳ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನದು ಇರಬೇಕು. ಪೈಪು ಆಹಾರಕ್ಕೆ ಯೋಗ್ಯ ಎಂದು ಮುದ್ರೆ ಇದ್ದದ್ದೇ ಬೇಕು. ಹೊರಗೆ ಬೆಳ್ಳಗೆ ಹೊಳೆಯುವ ನಳವೆಲ್ಲ ಸ್ಟೀಲ್ ಅಲ್ಲ, ಒಳಗೆ ಹಿತ್ತಾಳೆ ಇದ್ದು ಮೇಲೆ ಮುಲಾಮು ಹಚ್ಚಿದ್ದೂ ಇರುತ್ತದೆ. ಕೇಳಿ ನೋಡಿಯೇ ಕೊಳ್ಳಬೇಕು.

ಸಿಲಿಂಡರ್ ಎಂಬ ಭೂತ

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನೊಳಗೆ ದ್ರವದ ರೂಪದಲ್ಲಿರುತ್ತದೆ. 20 ಡಿಗ್ರಿಯಲ್ಲಿ ಒಳಗಿನ ಒತ್ತಡ ಸುಮಾರು 57 ಬಾರ್. ಪಿಎಸ್‌ಐ ಲೆಕ್ಕದಲ್ಲಿ 800 ದಾಟುತ್ತದೆ. ಅಂದರೆ ಕಾರಿನ ಟಾಯರ್‌ನ ಇಪ್ಪತ್ತೈದು ಪಟ್ಟು. 31 ಡಿಗ್ರಿ ದಾಟಿದರೆ ಒಳಗೆ ದ್ರವ, ಆವಿ ಎಂಬ ಭೇದವೇ ಉಳಿಯುವುದಿಲ್ಲ, ಒತ್ತಡ ಭರಭರನೆ ಏರುತ್ತದೆ. 40 ಡಿಗ್ರಿಯಲ್ಲಿ ತುಂಬಿದ ಸಿಲಿಂಡರ್‌ನ ಒತ್ತಡ 100 ಬಾರ್ ಮೀರುತ್ತದೆ. ತಂಪು ದೇಶದವರಿಗೆ 31 ಡಿಗ್ರಿ ಅಪರೂಪ. ನಮಗೆ ಫಾಲ್ಗುಣದಿಂದ ಜ್ಯೇಷ್ಠದವರೆಗೆ ನಿತ್ಯದ ಮಾತು. ಆದ್ದರಿಂದ ಸಿಲಿಂಡರ್ ಬಿಸಿಲಿಗೆ, ಪತ್ರಾಸಿನ ಶೆಡ್ಡಿನ ಕೆಳಗೆ, ಬಜಿ ಕರಿಯುವ ಒಲೆಯ ಪಕ್ಕ ಇರಬಾರದು.

ಸಿಲಿಂಡರ್‌ನಿಂದ ಕೆಗ್‌ಗೆ ನೇರ ಪೈಪು ಜೋಡಿಸುವುದು ಆತ್ಮಹತ್ಯೆಗೆ ಸಮ. ನಡುವೆ ಕಾರ್ಬನ್ ಡೈಆಕ್ಸೈಡ್‌ಗೆಂದೇ ಮಾಡಿದ ರೆಗ್ಯುಲೇಟರ್ ಬೇಕೇ ಬೇಕು. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಸರಪಳಿಯಿಂದ ಕಟ್ಟಿರಬೇಕು. ಅಡ್ಡ ಮಲಗಿಸಿದರೆ ದ್ರವವೇ ಹೊರಬಂದು ರೆಗ್ಯುಲೇಟರ್ ಕೆಡುತ್ತದೆ. ಬೆಂಕಿ ಆರಿಸುವ ಹಳೆ ಸಿಲಿಂಡರ್ ಸೋವಿಗೆ ಸಿಕ್ಕಿತೆಂದು ತರುವುದೂ ಬೇಡ. ಅದರೊಳಗೆ ತಳದವರೆಗೆ ನಳಿಗೆ ಇದ್ದು, ನೆಟ್ಟಗಿದ್ದರೂ ದ್ರವವನ್ನೇ ಉಗುಳುತ್ತದೆ. ವೆಲ್ಡಿಂಗ್‌ಗೆ ಬರುವ ಗ್ಯಾಸ್ ಕುಡಿಯುವ ಪಾನೀಯಕ್ಕಲ್ಲ. ಆಹಾರಕ್ಕೆ ಯೋಗ್ಯವಾದ ಗ್ಯಾಸ್ ಎಂದೇ ಕೇಳಿ, ಬಿಲ್ಲಿನ ಮೇಲೆ ಬರೆಸಿ ತರಬೇಕು. ಸಿಲಿಂಡರ್‌ನ ಹೆಗಲ ಮೇಲೆ ಪರೀಕ್ಷೆಯ ತಾರೀಖು ಕೆತ್ತಿರುತ್ತದೆ. ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ನಿಗಾದಲ್ಲಿ ಈ ಸಿಲಿಂಡರ್‌ಗಳು ಬರುತ್ತವೆ. ಅವಧಿ ಮೀರಿದ್ದನ್ನು ತುಂಬಿಸುವಂತಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಜೋಳ ತುಂಬಿಡುವ ಹಗೇವು, ಮರಾಠಿಯಲ್ಲಿ ಪೇವ್, ನಮ್ಮ ಹಿರಿಯರಿಗೆ ಗೊತ್ತಿದ್ದದ್ದು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವ ರೂಢಿ. ಒಳಗೆ ಕಾಳು ಉಸಿರಾಡಿ ಬಿಟ್ಟ ಗಾಳಿ ಇದೇ ಕಾರ್ಬನ್ ಡೈಆಕ್ಸೈಡ್. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಣ್ಣವಿಲ್ಲ, ವಾಸನೆ ಇಲ್ಲ. ತಗ್ಗಿನಲ್ಲಿ ಕೂತಿರುತ್ತದೆ.

5 ಕಿಲೊ ಸಿಲಿಂಡರ್ ಪೂರ್ತಿ ಸೋರಿದರೆ ಸುಮಾರು 2,700 ಲೀಟರ್ ಗ್ಯಾಸ್ ಆಗುತ್ತದೆ. ಹತ್ತು ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಖೋಲಿಯಲ್ಲಿ ಅದು ಗಾಳಿಯ ಶೇ 9ರಷ್ಟು. ಶೇ 4 ಆದರೇ ಜೀವಕ್ಕೆ ತಕ್ಷಣದ ಅಪಾಯ ಎಂಬುದು ಅಮೆರಿಕದ ಸರ್ಕಾರಿ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಇಟ್ಟ ಮಟ್ಟ. ಅಂಗಡಿಯಲ್ಲೇ ಶಟರ್ ಎಳೆದು ನೆಲದ ಮೇಲೆ ಮಲಗುವವರು ಇದನ್ನು ಮರೆಯಬಾರದು. ಮಲಗುವ ಖೋಲಿಯಲ್ಲಿ ಸಿಲಿಂಡರ್ ಬೇಡ. ರಾತ್ರಿ ಸಿಲಿಂಡರ್‌ನ ವಾಲ್ವ್ ತಿರುಗಿಸಿ ಬಂದ್ ಮಾಡಬೇಕು. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ.

ಒಣ ನೆಲ, ಒಣ ಅರ್ಥಿಂಗ್

ತಗಡಿನ ಮೈ, ಒದ್ದೆ ಕೈ, ನೆಲದ ಮೇಲೆ ಚೆಲ್ಲಿದ ನೀರು. ಸೋಡಾ ಅಂಗಡಿಯಲ್ಲಿ ಕರೆಂಟ್ ಹೊಡೆಯಲು ಬೇಕಾದ ಎಲ್ಲವೂ ಇರುತ್ತವೆ. ಹಳೆ ಫ್ರಿಜ್‌ನ ವೈರಿನ ಮೇಲ್ಹೊದಿಕೆ ಬಿರಿದಿರುತ್ತದೆ, ಇಲಿ ಕಡಿದಿರುತ್ತದೆ. ಮೂರು ಪಿನ್ನಿನ ಪ್ಲಗ್ ಕತ್ತರಿಸಿ ಎರಡೇ ವೈರು ಸಿಕ್ಕಿಸುವ ಚಟ ಇನ್ನೂ ಹೋಗಿಲ್ಲ.

ಅರ್ಥಿಂಗ್ ಇದ್ದರೂ ಬ್ಯಾಸಿಗೆಯಲ್ಲಿ ಅದು ಕೆಲಸ ಮಾಡುತ್ತದೆ ಎಂಬ ಖಾತ್ರಿ ಇಲ್ಲ. ಒಣಗಿದ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಬೇಕು. ಸೋರಿದ ಕರೆಂಟ್ 30 ಮಿಲಿಆಂಪಿಯರ್ ಆದ ಕೂಡಲೇ ಬಂದ್ ಮಾಡುವ ಆರ್‌ಸಿಸಿಬಿ ಎಂಬ ಸ್ವಿಚ್ ಬರುತ್ತದೆ. ಇಡೀ ಫ್ರಿಜ್‌ನ ಖರ್ಚಿನಲ್ಲಿ ಅದು ಸಣ್ಣ ಪಾಲು. ಜೀವದ ಲೆಕ್ಕದಲ್ಲಿ ಅದೇ ದೊಡ್ಡದು. ವೋಲ್ಟೇಜ್ ಏರಿಳಿತ ಇರುವ ಊರಿನಲ್ಲಿ ಸ್ಟೆಬಿಲೈಜರ್ ಇಲ್ಲದಿದ್ದರೆ ಹಳೆ ಕಂಪ್ರೆಸರ್ ಸುಡುವುದು ಖರೆ.

ಕೆಗ್‌ನ್ಯಾಗ ನೀರು, ಗ್ಲಾಸಿನ್ಯಾಗ ರುಚಿ

ಕೆಗ್‌ನಲ್ಲಿ ಬರೀ ನೀರು ಇರಲಿ. ಪಾಕ, ನಿಂಬೆ, ಉಪ್ಪು ಎಲ್ಲ ಗ್ಲಾಸಿನಲ್ಲೇ ಬೆರೆಸಬೇಕು. ಕೆಗ್‌ಗೇ ಸಕ್ಕರೆ ಹಾಕಿದರೆ ಪೈಪು ಜಿಗುಟಾಗಿ ಹುಳಿ ಬರುತ್ತದೆ. ಗ್ಯಾಸ್ ಹಾಕಿದರೆ ನೀರು ಶುದ್ಧವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕುಡಿಯಲು ಯೋಗ್ಯವಾದ ಶುದ್ಧ ನೀರನ್ನೇ ತುಂಬಬೇಕು. ಕೆಗ್, ಪೈಪು, ನಳಗಳನ್ನು ಬಿಚ್ಚಿ ತೊಳೆಯುವ ಪಾಳಿ ತಪ್ಪಬಾರದು.

ರುಚಿಗೆ ಗಡಿನಾಡಿನಲ್ಲಿ ಬರ ಇಲ್ಲ. ರಾಯದುರ್ಗ, ಆದೋನಿ ಕಡೆ ನನ್ನಾರಿ, ಅಂದರೆ ಸೊಗದೆ ಬೇರಿನ ಶರಬತ್ತು. ಕಾಸರಗೋಡಿನಲ್ಲಿ ಪುನರ್ಪುಳಿ. ಗೋವಾದಲ್ಲಿ ಅದೇ ಹಣ್ಣು ಕೋಕಂ. ನಮ್ಮಲ್ಲಿ ನಿಂಬೆ, ಜೀರಿಗೆ, ಕರಿ ಉಪ್ಪು. ಒಂದೇ ನಳದ ಸೋಡಾ ಎಲ್ಲದಕ್ಕೂ ಒಗ್ಗುತ್ತದೆ.

ಗ್ಯಾಸಿನ ಖರ್ಚೂ ಹಗುರ. ಒಂದು ಲೀಟರ್ ಗಡುಸು ಸೋಡಾದಲ್ಲಿ ಕರಗುವ ಗ್ಯಾಸ್ ಸುಮಾರು 8 ಗ್ರಾಂ. 200 ಮಿಲಿಲೀಟರ್ ಗ್ಲಾಸಿಗೆ 2 ಗ್ರಾಂ ಕೂಡ ಇಲ್ಲ. ಸೋರಿಕೆ, ನೊರೆಯ ಲುಕ್ಸಾನು ಬಿಟ್ಟರೂ 5 ಕಿಲೊ ಸಿಲಿಂಡರ್ ನೂರಾರು ಲೀಟರ್‌ಗೆ ಬರುತ್ತದೆ. ದುಡ್ಡು ಹೋಗುವುದು ಕೆಗ್, ರೆಗ್ಯುಲೇಟರ್, ಸ್ಟೀಲ್ ನಳಗಳಿಗೆ. ಫ್ರಿಜ್ ಸೋವಿಗೆ ಸಿಕ್ಕಿತೆಂದು ಇವುಗಳಲ್ಲಿ ಉಳಿತಾಯ ಮಾಡುವವರೇ ಮುಂದೆ ಲುಕ್ಸಾನಿಗೆ ಬೀಳುತ್ತಾರೆ. ಮಾರಾಟಕ್ಕೆ ಇಳಿಯುವವರು ಆಹಾರ ಸುರಕ್ಷತಾ ಇಲಾಖೆಯ ನೋಂದಣಿಯನ್ನೂ ಮಾಡಿಸಿರಬೇಕು.

ಪೂರ್ತಿ ಕೆಟ್ಟದ್ದಾದರೆ

ಎಷ್ಟು ದುರಸ್ತಿ ಮಾಡಿದರೂ ಏಳದ ಫ್ರಿಜ್ ಇರುತ್ತದೆ. ಅದನ್ನು ಹಿತ್ತಲಲ್ಲಿ ಇಡುವ ಮುನ್ನ ಮೊದಲು ಬಾಗಿಲು ಕಿತ್ತಿಡಬೇಕು. ಕಣ್ಣುಮುಚ್ಚಾಲೆ ಆಡುವ ಮಕ್ಕಳು ಒಳಗೆ ಹೊಕ್ಕರೆ ಗಾಳಿ ಸಿಗುವುದಿಲ್ಲ, ಕೂಗಿದರೂ ಹೊರಗೆ ಕೇಳುವುದಿಲ್ಲ. ಹೊರಗಿನಿಂದ ಚಿಲಕ ಬೀಳುವ ಹಳೆ ಫ್ರಿಜ್‌ಗಳಲ್ಲಿ ಮಕ್ಕಳು ಸಿಕ್ಕಿ ಸತ್ತ ಮೇಲೆ ಅಮೆರಿಕದಲ್ಲಿ 1956ರಲ್ಲಿ ಒಳಗಿನಿಂದಲೂ ತೆರೆಯುವ ಬಾಗಿಲು ಇರಬೇಕೆಂಬ ಕಾಯ್ದೆಯೇ ಬಂತು. ನಮ್ಮ ಹಿತ್ತಲಿಗೆ ಕಾಯ್ದೆ ಬರಬೇಕಾಗಿಲ್ಲ, ಒಂದು ಸ್ಕ್ರೂಡ್ರೈವರ್ ಸಾಕು. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳಲ್ಲಿ ಫ್ರಿಜ್ ಕೂಡ ಸೇರಿದೆ. ನಳಿಗೆ ಕತ್ತರಿಸಿ ಗ್ಯಾಸ್ ಹೊರಬಿಡುವವರಿಗಲ್ಲದೆ ನೋಂದಾಯಿತ ಮರುಬಳಕೆದಾರರಿಗೆ ಕೊಡುವುದು ಸರಿಯಾದ ದಾರಿ.

ಇಷ್ಟು ನೆನಪಿರಲಿ

* ನೀರು ಮೊದಲು 4 ಡಿಗ್ರಿಗೆ ಬರಲಿ, ಆಮೇಲೆ ಗ್ಯಾಸ್.
* ಒತ್ತಡ ತಡೆಯುವ ಸ್ಟೀಲ್ ಕೆಗ್ ಬಿಟ್ಟು ಬೇರೆ ಡಬ್ಬಿ ಬೇಡ.
* ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್ ಜೋಡಿಸಬೇಡಿ.
* ಸೋಡಾ ಹರಿಯುವಲ್ಲಿ ತಾಮ್ರ, ಹಿತ್ತಾಳೆ ಬೇಡ.
* ಸಿಲಿಂಡರ್ ಇದ್ದ ಖೋಲಿಯಲ್ಲಿ ಮಲಗಬೇಡಿ.
* ಅರ್ಥಿಂಗ್ ಪರೀಕ್ಷೆ ಮಾಡಿಸದೆ ಪ್ಲಗ್ ಹಾಕಬೇಡಿ.

ಈ ಆರೂ ಪಾಲಿಸುವವರಿಗೆ ಹಳೆ ಫ್ರಿಜ್ ಬ್ಯಾಸಿಗೆಯ ದುಡಿಮೆಗೆ ಒಳ್ಳೆಯ ಜೊತೆಗಾರ. ಆರರಲ್ಲಿ ಒಂದನ್ನೂ ಪಾಲಿಸಲು ಆಗದಿದ್ದರೆ ಆ ಫ್ರಿಜ್ ಅನ್ನು ತೂಕಕ್ಕೆ ಕೊಟ್ಟು ಬಂದಷ್ಟು ತೆಗೆದುಕೊಳ್ಳುವುದೇ ಲೇಸು.